ಆ ಅರ್ಜಿಗೆ ನಾನು ಯಾಕೆ ಸಹಿ ಹಾಕಲಿಲ್ಲ

ಶುಕ್ರವಾರ ಅಮೆರಿಕದ ವರ್ಜೀನಿಯಾ ರಾಜ್ಯದ ಲೌಡನ್ ಕೌಂಟಿಯ (ಅಂದರೆ ಜಿಲ್ಲೆಯ) ನಮ್ಮ ಕನ್ನಡಿಗರ ಗುಂಪಿಗೆ ಬಂದ ಅರ್ಜಿಯನ್ನು ಎರಡು ಸಲ ಓದಿದೆ. 'ನಮ್ಮ ಕೌಂಟಿಯ ಶಾಲೆಗಳಲ್ಲಿ ಕ್ರಿಟಿಕಲ್ ರೇಸ್ ಥಿಯರಿ ಬೇಡ' ಅಂತ ಅದರಲ್ಲಿದೆ. ಸುಮಾರು ಜನ ಆಗಲೇ ಸಹಿ ಹಾಕಿದ್ದೀರಿ. ನಾನು ಹಾಕಿಲ್ಲ. ಯಾಕೆ ಅಂತ ಇಬ್ಬರು ಫೋನ್ ಮಾಡಿ ಕೇಳಿದರು, ಅದಕ್ಕೇ ಎಲ್ಲರಿಗೂ ಇಲ್ಲೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಈ ಥಿಯರಿ ಹುಟ್ಟಿದ್ದು 1970-80ರ ದಶಕಗಳಲ್ಲಿ, ಇಲ್ಲಿನ ಕಾನೂನು ಕಾಲೇಜುಗಳಲ್ಲಿ. ಎಲ್ಲರೂ ಸಮಾನರು ಅಂತ ಕಾನೂನು ಬಂದ ಮೇಲೂ ಮನೆ, ಸಾಲ, ಶಾಲೆ, ಜೈಲು ಎಲ್ಲದರಲ್ಲೂ ಕಪ್ಪು ಜನರ ಪಾಡು ಯಾಕೆ ಹೀಗಿದೆ ಅಂತ ಡೆರಿಕ್ ಬೆಲ್, ಕಿಂಬರ್ಲೆ ಕ್ರೆನ್ಶಾ ಅಂಥ ಕಾನೂನು ಪ್ರಾಧ್ಯಾಪಕರು ಕೇಳಿದರು. ಜನಾಂಗಭೇದ ಬರೀ ಒಬ್ಬೊಬ್ಬರ ಮನಸ್ಸಿನಲ್ಲಲ್ಲ, ಕಾನೂನು, ಸಂಸ್ಥೆಗಳಲ್ಲೂ ಬೇರೂರಿದೆ ಅನ್ನುವುದು ಅವರ ವಾದ. ನಾಲ್ಕನೇ ಕ್ಲಾಸಿನ ಮಗುವಿಗೆ ಯಾರೂ ಇದನ್ನು ಪಾಠ ಮಾಡುವುದಿಲ್ಲ. ಆದರೆ 2020ರಿಂದೀಚೆಗೆ ಶಿಕ್ಷಕರ ತರಬೇತಿ, ಇತಿಹಾಸದ ಪಾಠ, ಲೈಬ್ರರಿ ಪುಸ್ತಕ, ಟಿಜೆ (ಥಾಮಸ್ ಜೆಫರ್ಸನ್ ಅನ್ನುವ ಹೆಸರಾಂತ ಸರ್ಕಾರಿ ವಿಜ್ಞಾನ ಹೈಸ್ಕೂಲು) ಸೀಟು ಎಲ್ಲವನ್ನೂ ಇದೇ ಹೆಸರಿನ ಕೆಳಗೆ ತುಂಬಿಬಿಟ್ಟರು. 2021ರ ಜೂನ್‌ನಲ್ಲಿ ಈ ಜಗಳವೂ ಟ್ರಾನ್ಸ್‌ಜೆಂಡರ್ ಮಕ್ಕಳ ನಿಯಮದ ಜಗಳವೂ ಸೇರಿ ನಮ್ಮ ಲೌಡನ್ ಶಾಲಾ ಮಂಡಳಿಯ ಸಭೆಯಲ್ಲಿ ಜನರನ್ನು ಹೊರಗೆ ಕಳಿಸುವ ಮಟ್ಟಕ್ಕೆ ಗಲಾಟೆ ಆಯಿತು. ಮರುವರ್ಷ ಜನವರಿಯಲ್ಲಿ ರಾಜ್ಯದ ಆಗಿನ ಗವರ್ನರ್ ಯಂಗ್‌ಕಿನ್ ಅಧಿಕಾರ ವಹಿಸಿಕೊಂಡ ದಿನವೇ ಹೊರಡಿಸಿದ ಮೊದಲ ಆದೇಶವೂ ಇದರ ವಿರುದ್ಧವೇ.

ನಮ್ಮವರ ನೋವು ಎಲ್ಲಿದೆ ಅಂತ ಗೊತ್ತು. 2020ರ ಅಕ್ಟೋಬರ್‌ನಲ್ಲಿ ಟಿಜೆ ಪ್ರವೇಶ ಪರೀಕ್ಷೆ ಹೋಯಿತು. ಮುಂದಿನ ಬ್ಯಾಚಿನಲ್ಲಿ ಏಷ್ಯನ್ ಮಕ್ಕಳ (ನಮ್ಮವರೂ ಸೇರಿ) ಪಾಲು ಶೇ. 73ರಿಂದ ಶೇ. 54ಕ್ಕೆ ಇಳಿಯಿತು. ಕೋರ್ಟಿಗೆ ಹೋದ ಪಾಲಕರು ಮೊದಲು ಗೆದ್ದರು, 2023ರಲ್ಲಿ ಮೇಲ್ಮನವಿಯಲ್ಲಿ ಸೋತರು, 2024ರಲ್ಲಿ ಸುಪ್ರೀಂ ಕೋರ್ಟ್ ಕೇಸನ್ನು ಎತ್ತಿಕೊಳ್ಳಲೇ ಇಲ್ಲ. ಪರೀಕ್ಷೆ ಉಳಿಯಬೇಕಿತ್ತು ಅಂತ ನಾನೂ ಆಗ ಮಂಡಳಿಗೆ ಪತ್ರ ಬರೆದಿದ್ದೆ, ಈಗಲೂ ನನ್ನ ಮಾತು ಅದೇ. ಆದರೆ ಸೀಟಿನ ಸಿಟ್ಟನ್ನು ಇತಿಹಾಸದ ಪಾಠದ ಮೇಲೆ ತೀರಿಸಿಕೊಂಡರೆ ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂದ ಹಾಗಾಗುತ್ತದೆ.

ತಪ್ಪುಗಳೇ ಆಗುವುದಿಲ್ಲ ಅನ್ನುತ್ತಿಲ್ಲ. ನಮ್ಮ ಮಗನ ಕ್ಲಾಸಿನಲ್ಲಿ ಒಮ್ಮೆ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, 'ಅಪ್ಪ ಅಮ್ಮ ಕಾಲೇಜು ಓದಿದ್ದರೆ ಒಂದು ಹೆಜ್ಜೆ ಮುಂದೆ, ಮನೆಯಲ್ಲಿ ಬೇರೆ ಭಾಷೆ ಮಾತಾಡಿದರೆ ಒಂದು ಹೆಜ್ಜೆ ಹಿಂದೆ' ಅಂತ ಆಟ ಆಡಿಸಿದರು. ಕನ್ನಡ ಮಾತಾಡುವುದಕ್ಕೆ ಹಿಂದೆ ಹೆಜ್ಜೆ ಇಡಬೇಕಾ ಅಂತ ಮನೆಗೆ ಬಂದು ಕೇಳಿದ. ನನಗೆ ತುಂಬ ಬೇಜಾರಾಯಿತು. ಟೀಚರಿಗೆ ಈಮೇಲ್ ಬರೆದೆ, ಅವರು ಕರೆದು ಮಾತಾಡಿದರು, ಆ ಆಟ ನಿಂತಿತು. ಅದಕ್ಕೆ ಕಾನೂನು ಬೇಕಾಗಲಿಲ್ಲ.

ಈಗ ಮಗಳು ನಾಲ್ಕನೇ ಕ್ಲಾಸು. ವರ್ಜೀನಿಯಾ ಸ್ಟಡೀಸ್ ಇರುವ ವರ್ಷ. ಹೋದ ತಿಂಗಳು 'ಮ್ಯಾಸಿವ್ ರೆಸಿಸ್ಟೆನ್ಸ್' (ಕಪ್ಪು, ಬಿಳಿಯ ಮಕ್ಕಳು ಒಟ್ಟಿಗೆ ಓದಬಾರದು ಅಂತ ವರ್ಜೀನಿಯಾದವರು ಹಿಡಿದ ಹಟ) ಪಾಠದ ಹಾಳೆ ತಂದಳು. ಫಾರ್ಮ್‌ವಿಲ್ ಊರಿನ ಕಪ್ಪು ಮಕ್ಕಳ ಹೈಸ್ಕೂಲು ಸುಮಾರು 180 ಮಕ್ಕಳಿಗೆ ಕಟ್ಟಿದ್ದು, ಓದುತ್ತಿದ್ದವರು 450ಕ್ಕೂ ಹೆಚ್ಚು. ಉಳಿದವರಿಗೆ ಟಾರ್ ಕಾಗದ ಹೊದಿಸಿದ ಶೆಡ್ಡು. 1951ರ ಏಪ್ರಿಲ್ 23ರಂದು 16 ವರ್ಷದ ಬಾರ್ಬರಾ ಜಾನ್ಸ್, ಸುಳ್ಳು ಫೋನ್ ಮಾಡಿಸಿ ಹೆಡ್‌ಮಾಸ್ಟರನ್ನು ಹೊರಗೆ ಕಳಿಸಿ, ಮಕ್ಕಳನ್ನೆಲ್ಲ ಸೇರಿಸಿ ಮುಷ್ಕರಕ್ಕೆ ಕರೆದುಕೊಂಡು ಹೋದಳು. ಆ ಮುಷ್ಕರದಿಂದ ಹುಟ್ಟಿದ ಕೇಸು, ಬಣ್ಣ ನೋಡಿ ಶಾಲೆ ಬೇರೆ ಮಾಡುವಂತಿಲ್ಲ ಅಂದ ಸುಪ್ರೀಂ ಕೋರ್ಟಿನ 1954ರ ಬ್ರೌನ್ ತೀರ್ಪಿನೊಳಗೆ ಸೇರಿತು. ಮುಂದೆ, ಬಿಳಿಯ ಮಕ್ಕಳ ಜೊತೆ ಕಪ್ಪು ಮಕ್ಕಳನ್ನು ಕೂರಿಸಲೇಬೇಕು ಅಂತಾದಾಗ ಪ್ರಿನ್ಸ್ ಎಡ್ವರ್ಡ್ ಕೌಂಟಿಯವರು ಏನು ಮಾಡಿದರು ಗೊತ್ತೇ? 1959ರಿಂದ 1964ರವರೆಗೆ ಸರ್ಕಾರಿ ಶಾಲೆಗಳನ್ನೇ ಮುಚ್ಚಿದರು. ಬಿಳಿಯರ ಮಕ್ಕಳಿಗೆ ಖಾಸಗಿ ಶಾಲೆ ಎದ್ದಿತು. ಕಪ್ಪು ಮಕ್ಕಳಲ್ಲಿ ಎಷ್ಟೋ ಜನಕ್ಕೆ ಓದೇ ತಪ್ಪಿತು.

'ಅಮ್ಮಾ, ಆಗ ನಾವಿದ್ದಿದ್ದರೆ ನಾನು ಯಾವ ಶಾಲೆಗೆ ಹೋಗುತ್ತಿದ್ದೆ?' ಅಂದಳು. ನಾವು ಇಲ್ಲಿ ಇರುವುದೇ ಕಷ್ಟವಿತ್ತು ಅಂದೆ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರಲ್ಲ, ಪೌರತ್ವ ಇಲ್ಲ ಅಂದಿತು. 1946ರಲ್ಲಿ ಬಾಗಿಲು ತೆರೆದಾಗಲೂ ವರ್ಷಕ್ಕೆ 100 ಜನರ ಕೋಟಾ. ನಮ್ಮಂಥವರಿಗೆ ದಾರಿಯಾದದ್ದು 1965ರ ವಲಸೆ ಕಾಯ್ದೆಯಿಂದ, ಅದು ಬಂದದ್ದು ಕಪ್ಪು ಜನರ ಹೋರಾಟದ ಕಾವಿನಲ್ಲಿ. ನಮ್ಮ ಮಂಗಳೂರಿನ ಸ್ವಾತಂತ್ರ್ಯ ಹೋರಾಟಗಾರ್ತಿ ಕಮಲಾದೇವಿ ಚಟ್ಟೋಪಾಧ್ಯಾಯರನ್ನು 1941ರಲ್ಲಿ ಲೂಸಿಯಾನಾದ ರೈಲಿನಲ್ಲಿ ಬಿಳಿಯರ ಡಬ್ಬಿಯಿಂದ ಏಳಿ ಅಂದಾಗ, ಭಾರತದವಳು ಅಂತ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಅವರು ಹಾಗೆ ಮಾಡದೆ, ನಾನೂ ಬಣ್ಣದವಳೇ, ಏಳುವುದಿಲ್ಲ ಅಂತ ಕೂತರು. ಈ ಪಾಠ ಬೇಡ ಅಂತ ನಾನು ಯಾವ ಮುಖ ಇಟ್ಟುಕೊಂಡು ಬರೆಯಲಿ?

ಅತ್ತೆ ಅರಸೀಕೆರೆಯಿಂದ ಬಂದಿದ್ದಾರೆ, ಅಡುಗೆಮನೆಯಲ್ಲಿ ಅವರೆಕಾಳು ಹಿಸುಕುತ್ತ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಮಗಳು ಅವರ ಹತ್ತಿರ ಹೋಗಿ 'ಅಜ್ಜೀ, ನಿಮ್ಮೂರಲ್ಲೂ ಹೀಗೆ ಬೇರೆ ಶಾಲೆ ಇತ್ತಾ?' ಅಂದಳು. ಅತ್ತೆಯ ಕೈ ನಿಂತಿತು. 'ಶಾಲೆ ಒಂದೇ ಇತ್ತು ಕಣಮ್ಮ. ನೀರಿನ ಗಡಿಗೆ ಮಾತ್ರ ಕೆಲವರು ಮುಟ್ಟೋ ಹಾಗಿರಲಿಲ್ಲ. ಬೊಗಸೆ ಒಡ್ಡಿ ನಿಂತ್ಕೋತಿದ್ರು, ನಾನು ಮೇಲಿಂದ ಹುಯ್ತಿದ್ದೆ. ನನ್ನ ಜೊತೇಲೇ ಕುಂಟೆಬಿಲ್ಲೆ ಆಡ್ತಿದ್ದ ಹುಡುಗಿಗೂ ಹಾಗೇ ಹುಯ್ದಿದ್ದೀನಿ.' ಯಾಕೆ ಅಜ್ಜೀ ಅಂದಿದ್ದಕ್ಕೆ, 'ಯಾಕೆ ಅಂತ ನಮಗೆ ಯಾರೂ ಕೇಳೋದು ಕಲಿಸಲಿಲ್ಲ' ಅಂದರು. ಇಷ್ಟು ವರ್ಷದಲ್ಲಿ ನನಗೂ ನನ್ನ ಗಂಡನಿಗೂ ಅವರು ಹೇಳದ ಮಾತು ಅದು. ಮಗಳು ಹಾಳೆಯ ಹಿಂಬದಿಯಲ್ಲಿ ಗಡಿಗೆಯ ಚಿತ್ರ ಬರೆದು ಶಾಲೆಗೆ ತೆಗೆದುಕೊಂಡು ಹೋದಳು.

ಫಾರ್ಮ್‌ವಿಲ್‌ನ ಆ ಶಾಲೆ ಈಗ ಮೋಟನ್ ಮ್ಯೂಸಿಯಂ ಆಗಿದೆ. ವಸಂತದ ರಜೆಯಲ್ಲಿ ಮಕ್ಕಳನ್ನೂ ಅತ್ತೆಯನ್ನೂ ಕರೆದುಕೊಂಡು ಹೋಗುತ್ತಿದ್ದೇವೆ. ವ್ಯಾನಿನಲ್ಲಿ ಎರಡು ಸೀಟು ಖಾಲಿ ಇವೆ. ಸಹಿ ಹಾಕಿದವರ ಮಕ್ಕಳೂ ಬರಲಿ, ಮೊದಲೇ ತಿಳಿಸಿದರೆ ಅವರಿಗೂ ಸೇರಿಸಿ ಪುಳಿಯೋಗರೆ ಕಟ್ಟಿಕೊಳ್ಳುತ್ತೇನೆ.