ಇಡಿಬಿ ಫೈಲ್ ಸಣ್ಣದಾಗುತ್ತಿಲ್ಲ, ತಿಂಗಳಿಗೊಮ್ಮೆ ಡಿಫ್ರ್ಯಾಗ್ ಮಾಡಲೇಬೇಕಾ?

ಪ್ರಶ್ನೆ

ನಮ್ಮ ಮೇಲ್ ಸರ್ವರ್ ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ 2016. ಒಂದೇ ಸರ್ವರ್, ಒಂದೇ ಡೇಟಾಬೇಸ್. ಎಲ್ಲರ ಮೇಲ್ ಇರುವ ಡೇಟಾಬೇಸ್ ಫೈಲ್, ಅಂದರೆ ಇಡಿಬಿ ಫೈಲ್, 180 ಜಿಬಿ ಆಗಿದೆ. ಡಿಸ್ಕ್ ತುಂಬುತ್ತಾ ಬಂತು ಅಂತ ಎಲ್ಲರ ಬೆನ್ನು ಹತ್ತಿ ಹಳೆಯ ಮೇಲ್ ಅಳಿಸಿಸಿದೆ. ಫೈಲ್ ಮಾತ್ರ ಒಂದು ಎಂಬಿಯೂ ಇಳಿದಿಲ್ಲ. ಮೊದಲು ಈ ಕೆಲಸ ನೋಡುತ್ತಿದ್ದವರು ಬಿಟ್ಟುಹೋದ ಪಟ್ಟಿಯಲ್ಲಿ ‘ತಿಂಗಳ ಕೊನೆಯ ಶನಿವಾರ ಇಎಸ್‌ಇಯುಟಿಲ್ /ಡಿ’ ಅಂತಿದೆ, ಅಂದರೆ ಡೇಟಾಬೇಸ್ ಡಿಫ್ರ್ಯಾಗ್ ಮಾಡಿ ಒಳಗಿನ ಖಾಲಿ ಜಾಗ ತೆಗೆದು ಫೈಲ್ ಸಣ್ಣದು ಮಾಡುವ ಕಮಾಂಡ್. ಮ್ಯಾನೇಜರ್ ಅದನ್ನೇ ಹಿಡಿದು ಕೂತಿದ್ದಾರೆ. ಮಾಡಲೇಬೇಕಾ?

ಉತ್ತರ 1

ಬೇಡ. ಆ ಪಟ್ಟಿ ಹಳೇ ಕಾಲದ್ದು.

ಬಟ್ಟೆ ತೆಗೆದ ಮಾತ್ರಕ್ಕೆ ಬೀರು ಸಣ್ಣದಾಗುತ್ತದೆಯೇ? ಇಡಿಬಿಯೂ ಹಾಗೇ. ಅಳಿಸಿದ ಮೇಲ್ ಡೀಫಾಲ್ಟ್ ಆಗಿ 14 ದಿನ ಒಳಗೇ ಇರುತ್ತದೆ, ಮತ್ತೆ ಬೇಕಾದರೆ ಸಿಗಲಿ ಅಂತ. ಆಮೇಲೆ ಆ ಜಾಗ ಖಾಲಿ ಅಂತ ಗುರುತಾಗಿ, ಹೊಸ ಮೇಲ್ ಅಲ್ಲಿ ಬಂದು ಕೂರುತ್ತದೆ. 2010ರ ಆವೃತ್ತಿಯಿಂದ ಈ ಒಳಗಿನ ಡಿಫ್ರ್ಯಾಗ್ ಹಿನ್ನೆಲೆಯಲ್ಲಿ ಸದಾ ನಡೆಯುತ್ತಲೇ ಇರುತ್ತದೆ.

/ಡಿ ಓಡಿಸಬೇಕಾದರೆ ಡೇಟಾಬೇಸ್ ಡಿಸ್‌ಮೌಂಟ್ ಮಾಡಬೇಕು. ಅಷ್ಟು ಹೊತ್ತು ಯಾರಿಗೂ ಮೇಲ್‌ಬಾಕ್ಸ್ ಸಿಗುವುದಿಲ್ಲ. ಡೇಟಾಬೇಸ್ ಗಾತ್ರದ 110% ಖಾಲಿ ಜಾಗವೂ ಬೇಕು. ಡಿಸ್ಕ್ ತುಂಬಿದೆ ಅನ್ನುವವರ ಹತ್ತಿರ ಅದೆಲ್ಲಿರುತ್ತದೆ? ಮುಗಿದ ಮೇಲೆ ಹಳೆಯ ಲಾಗ್‌ಗಳು (ಡೇಟಾಬೇಸ್‌ನ ಪ್ರತಿ ಬದಲಾವಣೆ ದಾಖಲಾಗುವ ಫೈಲ್‌ಗಳು) ಆ ಹೊಸ ಫೈಲ್‌ಗೆ ಹೊಂದುವುದಿಲ್ಲ. ತಕ್ಷಣ ಫುಲ್ ಬ್ಯಾಕಪ್ ತೆಗೆಯಲೇಬೇಕು.

ಮೊದಲು ಪವರ್‌ಶೆಲ್‌ನಲ್ಲಿ ಗೆಟ್-ಮೇಲ್‌ಬಾಕ್ಸ್‌ಡೇಟಾಬೇಸ್‌ಗೆ ಸ್ಟೇಟಸ್ ಸೇರಿಸಿ ಓಡಿಸಿ. ‘ಅವೇಲಬಲ್ ನ್ಯೂ ಮೇಲ್‌ಬಾಕ್ಸ್ ಸ್ಪೇಸ್’, ಅಂದರೆ ಡೇಟಾಬೇಸ್ ಒಳಗಿನ ಖಾಲಿ ಜಾಗ, ಎಷ್ಟಿದೆ ನೋಡಿ. ಅರ್ಧದಷ್ಟು ಖಾಲಿ ಇದ್ದರೆ ಹೊಸ ಡೇಟಾಬೇಸ್ ಮಾಡಿ ಮೇಲ್‌ಬಾಕ್ಸ್‌ಗಳನ್ನು ಅದಕ್ಕೆ ಸಾಗಿಸಿ. ಜನ ಕೆಲಸ ಮಾಡುತ್ತಲೇ ಇರುತ್ತಾರೆ. ಸ್ವಲ್ಪವೇ ಇದ್ದರೆ ಸುಮ್ನೆ ಬಿಟ್ಟುಬಿಡಿ.

ಅಂದಹಾಗೆ, ಡಿಸ್ಕ್ ತುಂಬಿಸುತ್ತಿರುವುದು ಇಡಿಬಿಯೇ ಅಂತ ಖಾತ್ರಿನಾ? ಲಾಗ್ ಫೋಲ್ಡರ್ ನೋಡಿದ್ದೀರಾ?

ಪ್ರಶ್ನೆ ಕೇಳಿದವರು

ಈಗ ನೋಡಿದೆ ಸರ್. ಡೇಟಾಬೇಸ್ ಒಳಗೆ ಖಾಲಿ ಇರುವುದು ಬರೀ 11 ಜಿಬಿ. ಲಾಗ್ ಫೋಲ್ಡರ್ 90 ಜಿಬಿ! ತೆರೆಯುವುದಕ್ಕೇ ಎಷ್ಟೋ ಹೊತ್ತಾಯಿತು. ಎಲ್ಲಾ 1,024 ಕೆಬಿಯ ಫೈಲ್‌ಗಳು. ಆದರೆ ಬ್ಯಾಕಪ್ ದಿನಾ ಹಸಿರು ಟಿಕ್ ತೋರಿಸುತ್ತದೆಯಲ್ಲ?

ಉತ್ತರ 2

ಸರ್ಕ್ಯುಲರ್ ಲಾಗಿಂಗ್ ಹಾಕಿಬಿಡಿ, ಬ್ಯಾಕಪ್‌ಗೆ ಕಾಯದೆ ಹಳೆಯ ಲಾಗ್ ತಾನೇ ಅಳಿಯುತ್ತದೆ, ತಲೆನೋವೇ ಇರುವುದಿಲ್ಲ.

ಉತ್ತರ 1

ಅದು ಹಾಕಿದರೆ ಮುಂದೆ ಡಿಸ್ಕ್ ಕೈಕೊಟ್ಟಾಗ ಕೊನೆಯ ಬ್ಯಾಕಪ್ ತನಕ ಮಾತ್ರ ಮೇಲ್ ವಾಪಸ್ ಸಿಗುವುದು. ಆಮೇಲೆ ಬಂದಿದ್ದೆಲ್ಲಾ ಹೋಯಿತು. ಒಂದೇ ಸರ್ವರ್ ಇರುವವರಿಗೆ ನಾನಂತೂ ಹೇಳುವುದಿಲ್ಲ.

ಹಸಿರು ಟಿಕ್ ನಂಬಬೇಡಿ. ಅದೇ ಕಮಾಂಡ್‌ನಲ್ಲಿ ‘ಲಾಸ್ಟ್ ಫುಲ್ ಬ್ಯಾಕಪ್’ ನೋಡಿ. ಖಾಲಿ ಇದ್ದರೆ ನಿಮ್ಮ ಬ್ಯಾಕಪ್ ಬಹುಶಃ ಇಡೀ ವಿಎಂ (ವರ್ಚುವಲ್ ಮಷಿನ್) ನಕಲು ಮಾಡುತ್ತಿದೆ, ಎಕ್ಸ್‌ಚೇಂಜ್‌ಗೆ ಅದರ ಸುದ್ದಿಯೇ ಇಲ್ಲ. ಸರ್ಕ್ಯುಲರ್ ಲಾಗಿಂಗ್ ಇಲ್ಲದಾಗ, ಬ್ಯಾಕಪ್ ಆಯಿತು ಅಂತ ಎಕ್ಸ್‌ಚೇಂಜ್‌ಗೆ ತಿಳಿದರೆ ಮಾತ್ರ ಹಳೆಯ ಲಾಗ್ ಅಳಿಯುವುದು. ಕೈಯಿಂದ ಒಂದು ಲಾಗ್‌ ಕೂಡ ಅಳಿಸಬೇಡಿ.

ಪ್ರಶ್ನೆ ಕೇಳಿದವರು

ಪೂರ್ತಿ ಖಾಲಿ ಇತ್ತು! ಬ್ಯಾಕಪ್ ಸೆಟ್ಟಿಂಗ್‌ನಲ್ಲಿ ಅಪ್ಲಿಕೇಶನ್ ಅವೇರ್ ಆಯ್ಕೆ (ಬ್ಯಾಕಪ್ ಆಗಿದ್ದನ್ನು ಎಕ್ಸ್‌ಚೇಂಜ್‌ಗೂ ತಿಳಿಸುವುದು) ಆನ್ ಮಾಡಿ ರಾತ್ರಿ ಓಡಿಸಿದೆ. ಬೆಳಿಗ್ಗೆ ಲಾಗ್ ಫೋಲ್ಡರ್ 2 ಜಿಬಿಗೆ ಇಳಿದಿದೆ. ಪಟ್ಟಿಯಲ್ಲಿ /ಡಿ ಸಾಲು ಹೊಡೆದುಹಾಕಿ ‘ಪ್ರತಿ ಸೋಮವಾರ ಲಾಸ್ಟ್ ಫುಲ್ ಬ್ಯಾಕಪ್ ನೋಡುವುದು’ ಅಂತ ಬರೆದೆ. ಮ್ಯಾನೇಜರ್‌ಗೆ ಇನ್ನೂ ಶನಿವಾರದ್ದೇ ಧ್ಯಾನ.

ಉತ್ತರ 1

ಆ 110% ಲೆಕ್ಕ ತೋರಿಸಿ, ಹೊಸ ಡಿಸ್ಕ್ ಕೊಡಿಸಿ ಅಂತ ಕೇಳಿ. ಆಮೇಲೆ ಅವರೇ ಬೇಡ ಅನ್ನುತ್ತಾರೆ.