ರೂಪ ಬದಲಿಸೋ ಜನಾಂಗಕ್ಕ ಎಷ್ಟು ಶಕ್ತಿ ಕೊಡಬೇಕು?

ಪ್ರಶ್ನೆ: ಹುಬ್ಬಳ್ಳಿಯ ನಮ್ಮ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಪಾತ್ರ ಆಗಿ ದಾಳ ಉರುಳಿಸಿ ಆಡೋ ಆಟ) ಗುಂಪಿಗೆ (5ನೇ ಆವೃತ್ತಿ, 2014ರ ನಿಯಮ) ಪ್ರಾಣಿರೂಪ ತಾಳೋ ಪಾತ್ರಗಳ ಹೊಸ ಜನಾಂಗ ಬರ್ಯಾಕತ್ತೇನ್ರಿ. 1ನೇ ಲೆವೆಲ್ಲಿಗೇ ಹದ್ದಾಗಿ ಹಾರಿದ್ರ ನಡೀತದೇನ್ರಿ?

ಉತ್ತರ 1: ಬ್ಯಾಡ್ರಿ. ಪ್ರಾಣಿರೂಪ ತಾಳೋದ ಮುಖ್ಯ ಶಕ್ತಿ ಇರೋ ಡ್ರೂಯಿಡ್ ಅನ್ನೋ ಪಾತ್ರಕ್ಕೇ ಹಾರೋ ರೂಪ ಸಿಗೋದು 8ನೇ ಲೆವೆಲ್ಲಿಗೆ. ನೀವು ಬೆಕ್ಕು, ಇಲಿ ಅಷ್ಟ ಕೊಡ್ರಿ. ದೀರ್ಘ ವಿಶ್ರಾಂತಿಗೆ ಒಮ್ಮೆ, 10 ನಿಮಿಷ. ಪ್ರಾಣಿಗೆ ಬ್ಯಾರೆ ಹಿಟ್ ಪಾಯಿಂಟ್ (ಪಾತ್ರದ ಜೀವದ ಅಂಕ) ಅಂತೂ ಇಡಬ್ಯಾಡ್ರಿ, ಪುಕ್ಕಟ ಎರಡನೇ ಜೀವ ಸಿಕ್ಕಂಗ ಆಗ್ತದ. ಆಟದ ತೂಕ ಕೆಡೋದು ಅಲ್ಲೇ.

ಉತ್ತರ 2: ಇಲಿನೂ ಸಣ್ಣದಲ್ರಿ! ಬಾಗಿಲ ಸಂದ್ಯಾಗ ನುಸುಳಿದ್ರ ರೋಗ್‌ಗೆ (ಕದ್ದು ನುಸುಳೋ ಕಳ್ಳನ ಪಾತ್ರಕ್ಕ) ಕೆಲಸನ ಇಲ್ಲ. ರೂಪ ಬದಲಿಸಿದಾಗ ಕವಚ, ಆಯುಧ ನೆಲಕ್ಕ ಬೀಳ್ತಾವ ಅಂತ ಬರೀರಿ, ತಾನಾಗೇ ಹಿಡಿತಕ್ಕ ಬರ್ತದ.

ಉತ್ತರ 3: ಈ ಜನಾಂಗಕ್ಕ 'ಶೇಪ್‌ಚೇಂಜರ್' (ರೂಪ ಬದಲಿಸೋದು) ಅಂತ ಗುರುತು ಹಚ್ಚಿದ್ರ ಪಾಲಿಮಾರ್ಫ್ (ಬ್ಯಾರೆಯವ್ರನ್ನ ಪ್ರಾಣಿ ಮಾಡೋ ಮಂತ್ರ) ತಾಗೂದಿಲ್ಲ, ಆದ್ರ ಮೂನ್‌ಬೀಮ್ (ಬೆಳಕಿನ ಕಿರಣದ ಮಂತ್ರ) ಬಿದ್ರ ಸೇವ್‌ಗೆ (ಮಂತ್ರ ತಡಿಯಾಕ ಉರುಳಿಸೋ ದಾಳಕ್ಕ) ಡಿಸ್‌ಅಡ್ವಾಂಟೇಜ್, ಅಂದ್ರ ಎರಡು ಸಲ ಉರುಳಿಸಿ ಕಡಿಮಿ ಬಂದದ್ದು ಹಿಡೀಬೇಕು.