ಕಿಡ್ನಿ ಕೈಕೊಟ್ಟ ಐಸಿಯು ರೋಗಿಗೆ ಎಷ್ಟು ಕ್ಯಾಲೊರಿ ಕೊಡ್ತೀರಿ? ನಿಮ್ಮ ಅನುಭವ ಹೇಳಿ

ಕೇಳಿದವರು: ಐಸಿಯುಗೆ ಹೊಸದಾಗಿ ಬಂದ ಡಯಟಿಷಿಯನ್

ಸೆಪ್ಸಿಸ್ (ಸೋಂಕು ಮೈಯೆಲ್ಲಾ ಕೆಡಿಸಿದ ಸ್ಥಿತಿ) ಆಗಿ ಎಕೆಐ, ಅಂದರೆ ಕಿಡ್ನಿ ದಿಢೀರನೆ ಕೈಕೊಡುವುದು, ಬಂದ ರೋಗಿ. ವೆಂಟಿಲೇಟರ್ ಮೇಲಿದ್ದಾರೆ, ಸಿಟ್ರೇಟ್ ಹಾಕಿ ಸಿಆರ್‌ಆರ್‌ಟಿ (ದಿನವಿಡೀ ನಿಧಾನವಾಗಿ ನಡೆಯುವ ಡಯಾಲಿಸಿಸ್) ನಡೆಯುತ್ತಿದೆ, ಮಂಪರು ಬರಿಸುವ ಪ್ರೊಪೊಫಾಲ್ ಓಡುತ್ತಿದೆ. ಇವತ್ತು ನಾಲ್ಕನೇ ದಿನ. ಬೆಡ್ ತೂಕ 94 ಕೆಜಿ, ಊತಕ್ಕೆ ಮುಂಚೆ 78. ಯಾವ ತೂಕ ಹಿಡಿಯಲಿ? ದಿನಕ್ಕೆ ಕೆಜಿಗೆ 25 ಕಿಲೊಕ್ಯಾಲೊರಿಗೇ ಹೋಗಲಾ? ಪ್ರೋಟೀನ್ ಎಷ್ಟು? ಇಂಥವರನ್ನು ನೋಡಿಕೊಂಡವರು ಏನು ಮಾಡಿದಿರಿ, ಏನಾಯ್ತು, ದಯವಿಟ್ಟು ಹೇಳಿ.

ಇಂಟೆನ್ಸಿವಿಸ್ಟ್:

ಅಳೆಯಿರಿ. ನಮ್ಮಲ್ಲಿಗೆ ಇನ್‌ಡೈರೆಕ್ಟ್ ಕ್ಯಾಲೊರಿಮೀಟರ್ (ಉಸಿರಿನ ಗಾಳಿ ಅಳೆದು ಮೈಯ ಕ್ಯಾಲೊರಿ ಖರ್ಚು ಹೇಳುವ ಯಂತ್ರ) ಬರಬೇಕು ಅಂತ ಮೀಟಿಂಗ್ ಮೇಲೆ ಮೀಟಿಂಗ್‌ನಲ್ಲಿ ಹಟ ಹಿಡಿದವನು ನಾನು. ಇವತ್ತಿಗೂ ಅದರ ಬಗ್ಗೆ ಹೆಮ್ಮೆ ಇದೆ. ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ) ರೋಗಿಯೊಬ್ಬರಿದ್ದರು, ಯೂರಿನ್ ಪೂರ್ತಿ ನಿಂತಿತ್ತು. ಸೂತ್ರದ ಲೆಕ್ಕ 2,300. ಅಳೆದರೆ 1,600 ಚಿಲ್ಲರೆ! ಸೆಡೇಷನ್ (ಔಷಧಿಯ ಮಂಪರು) ಆಳವಾಗಿತ್ತು. ಡಯಾಲಿಸಿಸ್ ಸರ್ಕ್ಯೂಟ್‌ನಲ್ಲಿ ರಕ್ತ ಸುತ್ತುವಾಗ ಶಾಖ ಸೋರಿಹೋಗಿ ಮೈಯೂ ತಣ್ಣಗಿತ್ತು. ಆಮೇಲೆ ಸೆಡೇಷನ್ ಇಳಿಸಿದೆವು, ಜ್ವರ ಬಂತು, ಫಿಸಿಯೋ ಶುರುವಾಯ್ತು. ಅದೇ ಮನುಷ್ಯ, 2,150 ತೋರಿಸಿತು. ಯಾವ ಸೂತ್ರ ಇದನ್ನು ಹೇಳುತ್ತಿತ್ತು? ಕಿಡ್ನಿ ನಿಂತ ಮಾತ್ರಕ್ಕೆ ಮೈಯ ಖರ್ಚು ಏರುವುದಿಲ್ಲ. ಏರಿಸುವುದು ಸೆಪ್ಸಿಸ್, ಜ್ವರ, ಸುಟ್ಟಗಾಯ, ಪೆಟ್ಟು.

ಅಳೆಯುವ ಕಾಟವೂ ಸಣ್ಣದಲ್ಲ. ವೆಂಟಿಲೇಟರ್ ಕೊಡುವ ಗಾಳಿಯಲ್ಲಿ ಆಕ್ಸಿಜನ್ ಶೇ. 60 ದಾಟಿದರೆ ರೀಡಿಂಗ್ ನಂಬೋಕಾಗಲ್ಲ. ಉಸಿರಿನ ಟ್ಯೂಬ್ ಸುತ್ತಲಿನ ಬಲೂನ್, ಅಂದರೆ ಕಫ್, ಲೀಕ್ ಇದ್ದರೆ ಹೋಯ್ತು, ಎದೆಗೆ ಹಾಕಿದ ಡ್ರೇನ್‌ನಲ್ಲಿ ಗುಳ್ಳೆ ಬರುತ್ತಿದ್ದರೂ ಹೋಯ್ತು. ಮಗ್ಗುಲು ತಿರುಗಿಸಿದ ತಕ್ಷಣ ಅಳೆದರೆ ಸುಳ್ಳು ಸಂಖ್ಯೆ ಬರುತ್ತದೆ. ಎಫ್ಲುಯೆಂಟ್ (ಡಯಾಲಿಸಿಸ್‌ನಿಂದ ಹೊರಬರುವ ದ್ರವ) ಜೊತೆ ಕಾರ್ಬನ್ ಡೈಆಕ್ಸೈಡ್ ಕೂಡ ಸ್ವಲ್ಪ ಹೊರಗೆ ಹೋಗುತ್ತದೆ. ಆದರೂ ಊಹೆಗಿಂತ ಅದೇ ವಾಸಿ.

ಹಿರಿಯ ಡಯಟಿಷಿಯನ್:

ಮೀಟರ್ ಇರುವವರಿಗೆ ಮಾತು ಸುಲಭ ಸರ್. ಇಲ್ಲದವರು ಕೈಕಟ್ಟಿ ಕೂರಬೇಕಾ? ಕಿಡ್ನಿ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ಕೆಡಿಗೊ 2012ರಲ್ಲೇ ಕೆಜಿಗೆ 20ರಿಂದ 30 ಅಂತ ಬರೆದಿದೆ. ನಾನು ಅದರಲ್ಲೇ ನಡೆಸಿದ್ದೇನೆ. ಊತದ ತೂಕ ಹಿಡಿದವಳಲ್ಲ, ಹಿಡಿಯುವುದೂ ಇಲ್ಲ. 94ಕ್ಕೂ 78ಕ್ಕೂ ನಡುವೆ ಇರುವುದು ನೀರು. ನೀರಿಗೆ ಯಾರಾದರೂ ಊಟ ಹಾಕ್ತಾರಾ?

ನನಗೆ ಇವತ್ತಿಗೂ ಬೇಜಾರಾಗೋದು ಬೇರೆ ವಿಷಯಕ್ಕೆ. ಫೀಡ್ ಚಾರ್ಟ್‌ನಲ್ಲಿ 1,900 ಅಂತ ಚೆಂದವಾಗಿ ಬರೆದಿರುತ್ತದೆ. ಪಕ್ಕದ ಪಂಪ್‌ನಲ್ಲಿ ಪ್ರೊಪೊಫಾಲ್ ಗಂಟೆಗೆ 20 ಮಿಲಿ ಓಡುತ್ತಿರುತ್ತದೆ. ಮಿಲಿಗೆ 1.1 ಕಿಲೊಕ್ಯಾಲೊರಿ, ದಿನಕ್ಕೆ 528, ಎಲ್ಲಾ ಕೊಬ್ಬಿನಿಂದ. ಸಿಟ್ರೇಟ್ ಕೂಡ ಬರೀ ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವ ಅಲ್ಲ. ಮೈ ಅದನ್ನು ಉರಿಸುತ್ತದೆ, ಮಿಲಿಮೋಲ್‌ಗೆ ಸುಮಾರು 0.59. ಎಸಿಡಿ-ಎ ಅನ್ನೋ ಸಿಟ್ರೇಟ್ ದ್ರವ ಆದರೆ ಜೊತೆಗೆ ಸಕ್ಕರೆಯೂ ಇದೆ. ಒಬ್ಬ ರೋಗಿಗೆ ಇದೆಲ್ಲ ಕೂಡಿಸಿದಾಗ 2,700 ಹತ್ತಿರ ಹೋಗಿತ್ತು. ರಕ್ತದ ಕೊಬ್ಬು, ಟ್ರೈಗ್ಲಿಸರೈಡ್, ಏರಿತು, ಸಕ್ಕರೆ ಕೈಗೆ ಸಿಗಲಿಲ್ಲ, ಇನ್ಸುಲಿನ್ ಏರಿಸುತ್ತಾ ಹೋದರು, ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾಗಿ ವೀನಿಂಗ್ (ವೆಂಟಿಲೇಟರ್ ಬಿಡಿಸುವುದು) ಮುಂದಕ್ಕೆ ಹೋಯ್ತು. ನಾನು ಹೇಳಿದ್ದೆ, ಯಾರೂ ಕೇಳಲಿಲ್ಲ. ಆಮೇಲೆ ಎಫ್ಲುಯೆಂಟ್‌ನಲ್ಲಿ ಹೋಗುವುದು, ಸರ್ಕ್ಯೂಟ್‌ನಿಂದ ಒಳಗೆ ಬರುವುದು ಎರಡನ್ನೂ ಬರೆಯೋಕೆ ಬೇರೆ ಕಾಲಂ ಹಾಕಿಸಿದೆ.

ನೆಫ್ರಾಲಜಿಸ್ಟ್:

ಎಲ್ಲರೂ ಕ್ಯಾಲೊರಿ ಹಿಂದೆ ಬಿದ್ದಿದ್ದೀರಿ. ಪ್ರೋಟೀನ್ ಮಾತೇ ಇಲ್ಲ. ಯೂರಿಯ ಏರುತ್ತದೆ ಅಂತ ಪ್ರೋಟೀನ್ ಕತ್ತರಿಸಿ, ಡಯಾಲಿಸಿಸ್ ಮುಂದೂಡಿ, ಕೊನೆಗೆ ಮೂಳೆ ಚರ್ಮ ಆದ ರೋಗಿಯನ್ನು ನನ್ನ ಕೈಗೆ ಕೊಟ್ಟಿದ್ದಾರೆ. ತೋಳು ಹಿಡಿದರೆ ನನ್ನ ಬೆರಳುಗಳು ಒಂದಕ್ಕೊಂದು ತಾಗುತ್ತಿದ್ದವು. ಅಸಿಡೋಸಿಸ್ (ರಕ್ತದಲ್ಲಿ ಆಮ್ಲ ಏರುವುದು) ಒಂದು ಕಡೆ ಸ್ನಾಯು ಕರಗಿಸುತ್ತದೆ, ಫಿಲ್ಟರ್ ಇನ್ನೊಂದು ಕಡೆ ದಿನಕ್ಕೆ 10–15 ಗ್ರಾಂ ಅಮೈನೊ ಆಮ್ಲ ಎಳೆದುಕೊಂಡು ಹೋಗುತ್ತದೆ. ಡಯಾಲಿಸಿಸ್ ತಡ ಮಾಡೋಕೆ ಪ್ರೋಟೀನ್ ಕಡಿಮೆ ಮಾಡಬೇಡಿ ಅಂತ ಯುರೋಪಿನ ಪೋಷಣೆ ತಜ್ಞರ ಸಂಘ ಎಸ್ಪೆನ್‌ನ 2021ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ. ಸಿಆರ್‌ಆರ್‌ಟಿ ಮೇಲಿದ್ದರೆ ದಿನಕ್ಕೆ ಕೆಜಿಗೆ 1.5 ಗ್ರಾಂ, ಅಲ್ಲಿಂದ 1.7ರವರೆಗೆ. ನಾನು ಅಷ್ಟು ಕೊಡುತ್ತೇನೆ, ಯಾರು ಏನೇ ಅನ್ನಲಿ.

ಕಿಡ್ನಿ ನಿಂತರೆ ಏನೂ ಆಗಲ್ಲ ಅನ್ನೋ ಹಾಗೆ ಬರೆದ ಇಂಟೆನ್ಸಿವಿಸ್ಟ್ ಸಾಹೇಬರಿಗೆ ಒಂದು ಮಾತು. ಮೈತೂಕದಲ್ಲಿ ಶೇ. 1 ಕೂಡ ಇಲ್ಲದ ಅಂಗ ಅದು. ಆದರೂ ಆಕ್ಸಿಜನ್‌ನಲ್ಲಿ ಶೇ. 10ರ ಹತ್ತಿರ ತಿನ್ನುತ್ತದೆ, ಗ್ಲೂಕೋಸ್ ತಯಾರಿಸುತ್ತದೆ, ಇನ್ಸುಲಿನ್ ಕರಗಿಸುತ್ತದೆ.

ಇಂಟೆನ್ಸಿವಿಸ್ಟ್:

ಏನೂ ಆಗಲ್ಲ ಅಂತ ನಾನೆಲ್ಲಿ ಬರೆದೆ ಸಾರ್? ಒಟ್ಟು ಖರ್ಚು ಏರಲ್ಲ ಅಂದೆ. ಓದಿ ಮಾತಾಡಿ. ಪ್ರೋಟೀನ್ ಅಂದ ತಕ್ಷಣ ಸುರಿಯಬೇಡಿ. 2023ರ ಎಫರ್ಟ್ ಟ್ರಯಲ್‌ನಲ್ಲಿ ಕೆಜಿಗೆ 2.2 ಗ್ರಾಂ ಗುರಿ ಇಟ್ಟವರಿಗೆ ಲಾಭ ಸಿಗಲಿಲ್ಲ. ಎಕೆಐ ಇದ್ದವರಲ್ಲಿ ಹಾನಿಯ ಸೂಚನೆಯೇ ಬಂತು. ಅದೇ ವರ್ಷ ನ್ಯೂಟ್ರಿರಿಯ-3 ಟ್ರಯಲ್ ಬಂತು. ಶಾಕ್‌ನಲ್ಲಿದ್ದವರಿಗೆ (ರಕ್ತದೊತ್ತಡ ಕುಸಿದವರಿಗೆ) ಮೊದಲ ವಾರ ಕೆಜಿಗೆ 6 ಕಿಲೊಕ್ಯಾಲೊರಿ ಕೊಟ್ಟರೂ 25 ಕೊಟ್ಟರೂ ಸಾವಿನಲ್ಲಿ ವ್ಯತ್ಯಾಸ ಇಲ್ಲ. ಕಡಿಮೆ ಕೊಟ್ಟವರೇ ಐಸಿಯು ಬಿಡೋಕೆ ಬೇಗ ಸಿದ್ಧರಾದರು. ಮೊದಲ ದಿನಗಳಲ್ಲಿ ಮೈ ತನ್ನೊಳಗಿನಿಂದಲೇ ಗ್ಲೂಕೋಸ್ ಸುರಿಯುತ್ತಿರುತ್ತದೆ. ನಾವು ಫೀಡ್ ಕೊಟ್ಟರೂ ಅದು ನಿಲ್ಲಲ್ಲ. ಅದಕ್ಕೇ ಶುರುವಿನಲ್ಲಿ ಮೈಯ ಖರ್ಚಿನ ಶೇ. 70 ದಾಟಬೇಡಿ, ಮೂರು ದಿನ ಕಳೆದ ಮೇಲೆ 80ರಿಂದ 100ಕ್ಕೆ ಏರಿಸಿ ಅನ್ನೋದು.

ನೆಫ್ರಾಲಜಿಸ್ಟ್:

ನಾನು 1.7 ಅಂದರೆ ನೀವು 2.2ರ ಟ್ರಯಲ್ ತಂದು ಮುಖಕ್ಕೆ ಹಿಡಿಯುತ್ತೀರಿ. ಇದು ವಾದ ಮಾಡುವ ರೀತಿಯಲ್ಲ.

ಐಸಿಯು ನರ್ಸ್:

ಇಬ್ಬರೂ ಸ್ವಲ್ಪ ತಾಳಿ ಡಾಕ್ಟ್ರೇ. ನೀವು ಬರೆದದ್ದರಲ್ಲಿ ಎಷ್ಟು ಹೊಟ್ಟೆಗೆ ಹೋಗುತ್ತದೆ ಗೊತ್ತಾ? ಸ್ಕ್ಯಾನ್ ಅಂತ ಫೀಡ್ ನಿಲ್ಲಿಸಿ. ಫಿಲ್ಟರ್ ಹೆಪ್ಪುಗಟ್ಟಿತು, ಕ್ಯಾತಿಟರ್ ಬದಲಿಸಬೇಕು ಅಂತ ನಿಲ್ಲಿಸಿ. ಪ್ರೊಸೀಜರ್ ಆಗುವುದು ಸಂಜೆಗೆ, ಫೀಡ್ ನಿಲ್ಲುವುದು ಬೆಳಿಗ್ಗೆಯಿಂದ. ಹೀಗೇ ಒಂದು ರಾತ್ರಿ ನನ್ನ ಬೆಡ್‌ನಲ್ಲಿ ಫೀಡ್ ನಿಂತಿತ್ತು, ಸಿಆರ್‌ಆರ್‌ಟಿಯೂ ನಿಂತಿತ್ತು, ಇನ್ಸುಲಿನ್ ಆರ್ಡರ್ ಮಾತ್ರ ಹಾಗೇ ಉಳಿದಿತ್ತು. ನಾನು ಪಂಪ್ ನಿಲ್ಲಿಸಿ ಶುಗರ್ ನೋಡಿದೆ, 48. ಡೆಕ್ಸ್ಟ್ರೋಸ್ ಕೊಟ್ಟರೂ ಮತ್ತೆ ಮತ್ತೆ ಇಳಿಯುತ್ತಿತ್ತು. ಇನ್ಸುಲಿನ್ ಕರಗಿಸುವ ಕಿಡ್ನಿಯೇ ಕೆಲಸ ಮಾಡದಿದ್ದಾಗ ಅದು ಎಷ್ಟು ಹೊತ್ತು ಮೈಯಲ್ಲೇ ಉಳಿಯುತ್ತದೆ ಅಂತ ಅವತ್ತು ಕಣ್ಣಾರೆ ಕಂಡೆ.

ಇನ್ನು ಫಾಸ್ಫೇಟ್. ಎಕೆಐನಲ್ಲಿ ಏರಿರುತ್ತದೆ ಅಂತ ಎಲ್ಲರೂ ನಿಶ್ಚಿಂತೆ. ಸಿಆರ್‌ಆರ್‌ಟಿ ಶುರುವಾದ ಮೇಲೆ ಅದೇ ಫಾಸ್ಫೇಟ್ ಜರ್ರನೆ ಇಳಿಯುತ್ತದೆ. ಫೀಡ್ ಏರಿಸಿದರೆ ಇನ್ನೂ ಇಳಿಯುತ್ತದೆ. ಉಸಿರಾಡಿಸುವ ಸ್ನಾಯು ಡಯಾಫ್ರಮ್‌ಗೆ ಶಕ್ತಿ ಇಲ್ಲದೆ ಒಬ್ಬರ ಉಸಿರಿನ ಟ್ಯೂಬ್ ತೆಗೆದು ಮತ್ತೆ ಹಾಕಬೇಕಾಯ್ತು. ಬೆಳಗಿನ ರಿಪೋರ್ಟ್‌ನಲ್ಲಿ ಫಾಸ್ಫೇಟ್ ಬರೆದೇ ಇರಲಿಲ್ಲ. ಥಯಾಮಿನ್, ಸೆಲೆನಿಯಂ, ತಾಮ್ರ ಕೂಡ ಎಫ್ಲುಯೆಂಟ್ ಚೀಲಕ್ಕೆ ಸೋರಿಹೋಗುತ್ತವೆ. ಅವನ್ನು ಕೇಳುವವರೇ ಇಲ್ಲ.

ಹಿರಿಯ ಡಯಟಿಷಿಯನ್:

ಸಿಸ್ಟರ್, ನಿಂತ ಗಂಟೆಗಳನ್ನು ಚಾರ್ಟ್‌ನಲ್ಲಿ ಬರೆಯಿರಿ ಅಂತ ನಿಮ್ಮವರಿಗೆ ಎಷ್ಟು ಸಲ ಹೇಳಿದರೂ ಬರೆಯಲ್ಲ. ಆಮೇಲೆ ನನ್ನ ಲೆಕ್ಕ ತಪ್ಪು ಅಂತೀರಿ.

ಐಸಿಯು ನರ್ಸ್:

ನಿಮ್ಮ ಹೊಸ ಕಾಲಂ ತುಂಬಿಸುತ್ತಿರುವವರು ಯಾರು ಮೇಡಂ? ಗಂಟೆಗೊಮ್ಮೆ ಸರ್ಕ್ಯೂಟ್ ಪ್ರೆಷರ್, ಕ್ಯಾಲ್ಸಿಯಂ, ಎಫ್ಲುಯೆಂಟ್ ಚೀಲ, ಮಗ್ಗುಲು, ಬಾಯಿ ಸ್ವಚ್ಛ ಎಲ್ಲಾ ನಾವೇ. ಫೀಡ್ ನಿಲ್ಲಿಸಿ ಅಂದವರು ಮತ್ತೆ ಶುರು ಮಾಡಿ ಅಂತ ಹೇಳೋದನ್ನೇ ಮರೆಯುತ್ತಾರೆ. ಅವರನ್ನು ಕೇಳಿ.

ಇಂಟೆನ್ಸಿವಿಸ್ಟ್:

ಆಸ್ಪಿರೇಷನ್ (ಫೀಡ್ ಶ್ವಾಸಕೋಶಕ್ಕೆ ಹೋಗುವುದು) ಆದರೆ ಉತ್ತರ ಹೇಳಬೇಕಾದವರು ನಾವು. ನಿಲ್ಲಿಸಲೇಬೇಕು.

ಐಸಿಯು ನರ್ಸ್:

ಕಫ್ ಇರುವ ಟ್ಯೂಬ್ ಒಳಗೇ ಇರುವಾಗ, ಬೆಡ್ ಪಕ್ಕದಲ್ಲೇ ಕ್ಯಾತಿಟರ್ ಬದಲಿಸೋಕೆ ಬೆಳಿಗ್ಗೆ ಆರರಿಂದ ಯಾಕೆ ನಿಲ್ಲಿಸಬೇಕು, ಅದನ್ನು ಹೇಳಿ.

ಕೇಳಿದವರು:

ಎಲ್ಲರಿಗೂ ಧನ್ಯವಾದ. ಸದ್ಯಕ್ಕೆ 78 ಹಿಡಿದು, ಪ್ರೊಪೊಫಾಲ್ ಮತ್ತು ಸಿಟ್ರೇಟ್ ಕಳೆದು ಫೀಡ್ ಬರೆದಿದ್ದೇನೆ. ಫಾಸ್ಫೇಟ್ ಕಳಿಸಿದ್ದೇವೆ. ಪ್ರೋಟೀನ್ 1.3ರಲ್ಲಿ ಶುರು ಮಾಡಲಾ, ನೇರ 1.5 ಕೊಡಲಾ?

ನೆಫ್ರಾಲಜಿಸ್ಟ್:

1.5. ಯಾರನ್ನೂ ಕೇಳಬೇಡಿ.

ಇಂಟೆನ್ಸಿವಿಸ್ಟ್:

ಕೇಳಿ. ಮೆಲ್ಲಗೆ ಏರಿಸಿ.